ಕೊಂಬಕ್ಕನ ಪಟ್ಟಿ

ಪಠ್ಯಪುಸ್ತಕ ಅಚ್ಚು ಹಾಕುವ ಒಂದು ಮುದ್ರಣಾಲಯದಲ್ಲಿ ಅವಳು ಇಪ್ಪತ್ತೇಳು ವರ್ಷ ಕರಡು ತಿದ್ದಿದಳು. ಕೆಲಸಕ್ಕೆ ಸೇರಿದ ಎರಡನೇ ವಾರವೇ ಅವಳಿಗೆ ಅಡ್ಡಹೆಸರು ಬಿತ್ತು. ನಾಲ್ಕನೇ ತರಗತಿಯ ಪುಸ್ತಕದ ಹಾಳೆಗಳು ಯಂತ್ರದಿಂದ ಸರಸರನೆ ಹೊರಗೆ ಬೀಳುತ್ತಿದ್ದವು. ಇವಳು ಒಂದನ್ನು ಎತ್ತಿಕೊಂಡು ಕಣ್ಣಾಡಿಸಿದವಳೇ "ನಿಲ್ಲಿಸಿ" ಎಂದಳು. ಆ ಸದ್ದಿನಲ್ಲಿ ಫೋರ್‌ಮನ್‌ಗೆ ಕೇಳಿಸಲಿಲ್ಲ. ಇವಳೇ ಹೋಗಿ ಗುಂಡಿ ಒತ್ತಿದಳು. 'ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಗುರಿ ಇರಬೇಕು' ಎಂದಿರಬೇಕಾದ ಕಡೆ ಕೊಂಬು ಬಿದ್ದುಹೋಗಿ 'ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಗರಿ ಇರಬೇಕು' ಎಂದಾಗಿತ್ತು.

"ಒಂದು ಕೊಂಬಿಗೆ ಇಷ್ಟು ರಂಪಾನಾ?" ಎಂದು ಫೋರ್‌ಮನ್ ಗೊಣಗಿದ.

"ನಾಳೆ ಮಕ್ಕಳು ಗರಿ ಸಿಕ್ಕಿಸ್ಕೊಂಡು ಸ್ಕೂಲಿಗೆ ಬಂದ್ರೆ ನೀವೇ ಉತ್ತರ ಹೇಳಿ" ಎಂದಳು.

ಅಂದಿನಿಂದ ಅವಳು ಕೊಂಬಕ್ಕ. ಬೆನ್ನ ಹಿಂದೆ ಕೆಲವರು "ಅವಳಿಗೇನು ಕೊಂಬು ಬಂದಿದ್ಯಾ" ಎಂದು ಆಡಿಕೊಂಡದ್ದೂ ಉಂಟು. "ಬಂದಿದೆಯಲ್ಲ, ಅದಕ್ಕೇ ಆ ಹೆಸರು" ಎಂದು ಉಳಿದವರು ನಗುತ್ತಿದ್ದರು. ಅವಳಿಗೂ ಅದು ಕಿವಿಗೆ ಬೀಳುತ್ತಿತ್ತು. ಬೇಸರವೇನೂ ಇರಲಿಲ್ಲ. ಅವಳ ಕಣ್ಣು ತಪ್ಪಿಸಿ ಒಂದು ಒತ್ತಕ್ಷರವೂ ಬಾಗಿಲು ದಾಟುವುದಿಲ್ಲ ಎಂಬ ಮಾತು ಮುದ್ರಣಾಲಯದಲ್ಲಿ ಗಾದೆಯಂತೆ ಆಗಿತ್ತು, ಅದರ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆ.

ಅವಳಿಗೆ ಐವತ್ತೆರಡು ತುಂಬಿದ ವರ್ಷ ಮುದ್ರಣಾಲಯ ಮುಚ್ಚಿತು. ಪುಸ್ತಕದ ಕೆಲಸವೆಲ್ಲ ಬೇರೆ ಕಡೆಗೆ ಹೋಯಿತು, ಯಂತ್ರಗಳನ್ನು ಬಿಚ್ಚಿ ಲಾರಿಗೆ ಹಾಕಿದರು. ಮನೆಯಲ್ಲಿ ಅವಳು ಮತ್ತು ಗಂಡ, ಇಬ್ಬರೇ. ಮಕ್ಕಳಾಗಲಿಲ್ಲ. ಗಂಡ ಬಸ್ ಕಂಡಕ್ಟರ್. ಇಡೀ ದಿನ ನೂರಾರು ಜನರ ಜೊತೆ ಮಾತಾಡಿ ಮನೆಗೆ ಬಂದರೂ ಅವನ ಮಾತಿನ ಚೀಲ ಬರಿದಾಗುತ್ತಿರಲಿಲ್ಲ. ಹೆಂಡತಿ ಒಂದು ತಿಂಗಳು ಮನೆಯಲ್ಲಿ ಕೂತು ಸಾಬೂನಿನ ಹೊದಿಕೆ, ಮಾತ್ರೆಯ ಚೀಟಿ, ಬಾಡಿಗೆ ಕರಾರು ಎಲ್ಲಕ್ಕೂ ಕೆಂಪು ಪೆನ್ನು ಹಿಡಿದದ್ದನ್ನು ನೋಡಿ, "ಇವಳಿಗೆ ಬೇಗ ಒಂದು ಕೆಲಸ ಸಿಗದಿದ್ರೆ ನನ್ನನ್ನೂ ತಿದ್ದಿಬಿಡ್ತಾಳೆ" ಎಂದು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ.

ಕೆಲಸ ತಾನಾಗಿಯೇ ಬಂತು. ಎರಡು ಬೀದಿ ಆಚೆಗಿನ ಶಾಲೆಯ ಮುಖ್ಯೋಪಾಧ್ಯಾಯಿನಿ ಹಿಂದೆ ಪಠ್ಯಪುಸ್ತಕ ಸಮಿತಿಯಲ್ಲಿದ್ದವರು. ಕರಡು ನೋಡಲು ಮುದ್ರಣಾಲಯಕ್ಕೆ ಬರುತ್ತಿದ್ದ ಕಾಲದಿಂದ ಕೊಂಬಕ್ಕನನ್ನು ಬಲ್ಲವರು. ಅವರು ಹೇಳಿ ಕಳಿಸಿದರು. ಹೋದಾಗ ಮೇಜಿನ ಮೇಲಿದ್ದ ಫೋನನ್ನು ಅವಳ ಕಡೆ ತಿರುಗಿಸಿ ತೋರಿಸಿದರು.

"ನೋಡಿ. ಐದನೇ ಕ್ಲಾಸಿನ ಅಪ್ಪ ಅಮ್ಮಂದಿರ ಗುಂಪು. ಒಂದೇ ವಾರದಲ್ಲಿ ಮೂವತ್ತೊಂದು ವೆಬ್‌ಸೈಟು ಕಳಿಸಿದಾರೆ. ಇದು ಒಳ್ಳೇದು, ಅದು ಇನ್ನೂ ಒಳ್ಳೇದು ಅಂತ. ನಮ್ಮ ಟೀಚರ್‌ಗಳು ಬೇರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಕಾಳು ಯಾವುದು, ಜೊಳ್ಳು ಯಾವುದು ಅಂತ ಕೂತು ನೋಡಿದೋರು ಒಬ್ಬರೂ ಇಲ್ಲ."

"ಮೇಡಂ, ನನಗೆ ಕಂಪ್ಯೂಟರ್ ಅಷ್ಟಕ್ಕಷ್ಟೇ."

"ಓದೋಕೆ ಬರುತ್ತಲ್ಲ, ಅದೇ ನನಗೆ ಬೇಕಾಗಿರೋದು. ಮೂರು ತಿಂಗಳು ತಗೊಳ್ಳಿ. ಮಕ್ಕಳಿಗೆ, ಮನೆಯವರಿಗೆ, ಟೀಚರ್‌ಗಳಿಗೆ, ಎಲ್ಲರಿಗೂ ಆಗೋ ಹಾಗೆ ನಂಬಿಕಸ್ತ ಸೈಟುಗಳ ಒಂದು ಪಟ್ಟಿ ಮಾಡಿಕೊಡಿ."

ಭೂಪಟಗಳನ್ನು ಸುತ್ತಿಡುತ್ತಿದ್ದ ಕೋಣೆಯಲ್ಲಿ ಅವಳಿಗೆ ಒಂದು ಕಂಪ್ಯೂಟರ್, ಒಂದು ಕುರ್ಚಿ ಹಾಕಿಕೊಟ್ಟರು. ಕಿಟಕಿ ಆಟದ ಮೈದಾನಕ್ಕೆ ತೆರೆದುಕೊಳ್ಳುತ್ತಿತ್ತು. ಮೊದಲ ವಾರ ಅವಳು ಪ್ರತಿ ಪುಟವನ್ನೂ ಕಾಗದದ ಮೇಲೆ ಅಚ್ಚು ತೆಗೆದು, ಅಂಚಿನಲ್ಲಿ ಕೆಂಪು ಗುರುತು ಹಾಕುತ್ತ ಹೋದಳು. ಶನಿವಾರ ಗುಮಾಸ್ತೆ ಬಂದು ಪರೀಕ್ಷೆಗೆಂದು ಇಟ್ಟಿದ್ದ ಕಾಗದವೆಲ್ಲ ಮುಗಿದಿದೆ ಎಂದಾಗ ಆ ಕ್ರಮ ಬಿಟ್ಟು ಉದ್ದನೆಯ ನೋಟ್‌ಬುಕ್ ಹಿಡಿದಳು.

ಓದಿದಳು ಎಂದರೆ ಅಕ್ಷರ ಅಕ್ಷರ ಓದಿದಳು. ಒಂದು ಸೈಟಿನಲ್ಲಿ ಚಂದ್ರನಿಗೆ ಸ್ವಂತ ಬೆಳಕಿತ್ತು. ಇನ್ನೊಂದರಲ್ಲಿ ಒಂದೇ ಯುದ್ಧ ಪುಟದ ಮೇಲ್ಗಡೆ ಒಂದು ವರ್ಷ, ಕೆಳಗಡೆ ಇನ್ನೊಂದು ವರ್ಷ ನಡೆದಿತ್ತು. ಕೂಡುವ ಲೆಕ್ಕದ ಒಂದು ಆಟದಲ್ಲಿ ಸರಿ ಉತ್ತರ ಕೊಟ್ಟಾಗಲೆಲ್ಲ ಚಪ್ಪಲಿಯ ಜಾಹೀರಾತು ಎದ್ದು ಬರುತ್ತಿತ್ತು, ತಪ್ಪು ಉತ್ತರ ಕೊಟ್ಟರೆ ಬರುತ್ತಿರಲಿಲ್ಲ. ಮಗ್ಗಿ ಕಲಿಸುವ ಒಂದು ಸೈಟು ಮೊದಲು ಫೋನ್ ನಂಬರ್ ಕೊಡಿ ಎಂದಿತು. ಎರಡೊಂದ್ಲೆ ಎರಡು ನೋಡಲು ಫೋನ್ ನಂಬರ್ ಯಾಕೆ ಎಂದುಕೊಂಡರೂ, ಒಳಗೇನಿದೆ ನೋಡಬೇಕಲ್ಲ ಎಂದು ತನ್ನದೇ ನಂಬರ್ ಹಾಕಿದಳು. ಅಂದು ಸಂಜೆಯಿಂದ ಶುರುವಾಯಿತು. ದಿನಕ್ಕೆ ನಾಲ್ಕು ಸಲ ಯಾರೋ ಒಬ್ಬಳು ಜೇನಿನಂಥ ದನಿಯಲ್ಲಿ, "ಮೇಡಂ, ನಿಮ್ಮ ಮಗು ಎಷ್ಟನೇ ಕ್ಲಾಸು?" ಎಂದು ಕೇಳುವಳು. ಹತ್ತನೇ ದಿನ ಗಂಡ ಫೋನು ಕಿತ್ತುಕೊಂಡು, "ಐವತ್ತೆರಡನೇ ಕ್ಲಾಸಮ್ಮ. ಇನ್ನೂ ಪಾಸಾಗಿಲ್ಲ" ಎಂದ. ಆಮೇಲೆ ಆ ಕರೆ ಬರಲಿಲ್ಲ. ಫೋನ್ ನಂಬರ್ ಕೇಳುವ ಸೈಟುಗಳನ್ನೆಲ್ಲ ಕೊಂಬಕ್ಕ ಒಂದೇ ಗೀಟಿನಲ್ಲಿ ಹೊಡೆದು ಹಾಕಿದಳು.

ಮೂರು ತಿಂಗಳಲ್ಲಿ ನೂರ ನಲವತ್ತೆರಡು ಸೈಟು ನೋಡಿದ್ದಳು. ಉಳಿದದ್ದು ಒಂಬತ್ತು.

ಪಟ್ಟಿಯನ್ನು ಟೀಚರ್‌ಗಳ ಕೋಣೆಯಲ್ಲಿ ಓದಿದ ದಿನ ಲೆಕ್ಕದ ಮೇಷ್ಟ್ರು ಎದ್ದು ನಿಂತರು. ನಲವತ್ತರ ಆಸುಪಾಸಿನವರು, ತೋಳಿನಲ್ಲಿ ಸದಾ ಸೀಮೆಸುಣ್ಣದ ಪುಡಿ. "ಹಳದಿ ಸೈಟು ಎಲ್ಲಿ?" ಎಂದು ಕೇಳಿದರು. ಪುಟದ ಬಣ್ಣದಿಂದಾಗಿ ಮಕ್ಕಳು ಅದನ್ನು ಹಾಗೆ ಕರೆಯುತ್ತಿದ್ದರು. ಭಿನ್ನರಾಶಿಗೆಂದು ಎರಡು ವರ್ಷದಿಂದ ಮೇಷ್ಟ್ರು ತಮ್ಮ ತರಗತಿಗೆ ಹೇಳುತ್ತ ಬಂದದ್ದು ಅದನ್ನೇ.

"ಅದನ್ನ ತೆಗೆದಿದೀನಿ ಸರ್. 'ಭಿನ್ನರಾಶಿ' ಅನ್ನೋ ಪದದಲ್ಲಿ ಹನ್ನೊಂದು ಕಡೆ ಹೊಟ್ಟೆ ಸೀಳಿಲ್ಲ. 'ಬಿನ್ನ' ಅಂತಿದೆ."

"ಹೊಟ್ಟೆ ಸೀಳದೆ ಇದ್ರೆ ಲೆಕ್ಕ ತಪ್ಪಾಗುತ್ತಾ?"

"ಲೆಕ್ಕಾನೂ ತಪ್ಪಿದೆ. ಮುಕ್ಕಾಲರಲ್ಲಿ ಕಾಲು ಕಳೀರಿ ಅಂತ ಇದೆ. ನಾಲ್ಕನೇ ಎರಡು ಅಂತ ಒತ್ತಿದ್ರೆ ಸರಿ ಅನ್ನುತ್ತೆ, ಅರ್ಧ ಅಂತ ಒತ್ತಿದ್ರೆ ತಪ್ಪು ಅನ್ನುತ್ತೆ. ಎರಡೂ ಒಂದೇ ತಾನೇ?"

ಮೇಷ್ಟ್ರು ತೋಳಿನ ಸೀಮೆಸುಣ್ಣದ ಪುಡಿ ಕೊಡವಿದರು. "ಒಂದು ತಪ್ಪಿಗೆ ಇಡೀ ಸೈಟನ್ನೇ ತೆಗೆದುಬಿಡ್ತೀರಾ? ಮೂಗಿಗೆ ನೆಗಡಿ ಅಂತ ಮೂಗು ಕೊಯ್ಕೊಂಡ ಹಾಗಾಯ್ತು."

"ಪಠ್ಯಪುಸ್ತಕದಲ್ಲಿ ಬಿಟ್ಟಿದ್ರೆ ನೀವೇ ಬಂದು ಕೇಳ್ತಿದ್ರಿ" ಎಂದಳು ಕೊಂಬಕ್ಕ. ಮುಖ್ಯೋಪಾಧ್ಯಾಯಿನಿ ಮುಂದಿನ ವಿಷಯಕ್ಕೆ ಹೋದರು. ಮೇಷ್ಟ್ರು ಕೂತರು, ಆದರೆ ಆಮೇಲೆ ಒಂದೂವರೆ ತಿಂಗಳು ಕಾರಿಡಾರಿನಲ್ಲಿ ಎದುರು ಸಿಕ್ಕರೂ ಗಡಿಯಾರ ನೋಡಿಕೊಂಡು ಹೋಗುತ್ತಿದ್ದರು.

ಪಟ್ಟಿ ಅಚ್ಚಾಗಿ ಎಲ್ಲ ಮನೆಗಳಿಗೂ ಹೋಯಿತು. ಅಕ್ಷರ ದೋಷ ಒಂದೂ ಇರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಕೊಂಬಕ್ಕನಿಗೆ ಇನ್ನೂ ಎರಡು ತಿಂಗಳು ಮುಂದುವರಿಯಲು ಹೇಳಿದರು. ಯಾರಾದರೂ ಬಂದು ಏನಾದರೂ ಕೇಳುತ್ತಾರೆ ಎಂದು ಅವಳು ಭೂಪಟದ ಕೋಣೆಯ ಬಾಗಿಲು ತೆರೆದಿಟ್ಟು ಕಾದಳು. ಒಬ್ಬರೂ ಬರಲಿಲ್ಲ. ಚೆನ್ನಾಗಿದೆ ಎಂದವರಿಲ್ಲ, ಕೆಟ್ಟದಾಗಿದೆ ಎಂದವರೂ ಇಲ್ಲ. ಬಾವಿಗೆ ಕಲ್ಲು ಹಾಕಿದರೆ ಸದ್ದಾದರೂ ಕೇಳಬೇಕು, ಅದೂ ಇಲ್ಲ.

ಶಾಲೆಯ ಎದುರಿಗೇ ಒಂದು ಇಸ್ತ್ರಿ ಅಂಗಡಿ. ಒಬ್ಬ ಹೆಂಗಸು ಅದನ್ನು ನಡೆಸುತ್ತಿದ್ದಳು. ಗಂಡನ ಕಂಡಕ್ಟರ್ ಅಂಗಿಗಳನ್ನು ಕೊಂಬಕ್ಕ ಅಲ್ಲಿಗೇ ಕೊಡುವುದು ರೂಢಿ. ಒಂದು ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅಂಗಿ ತರಲು ಹೋದಾಗ, ಐದನೇ ತರಗತಿಯಲ್ಲಿ ಓದುತ್ತಿದ್ದ ಆ ಹೆಂಗಸಿನ ಮಗಳು ಬಟ್ಟೆ ಗಂಟಿನ ಮೇಲೆ ಕೂತು ಅಮ್ಮನ ಫೋನಿನ ಜೊತೆ ಜಗಳ ಆಡುತ್ತಿದ್ದಳು.

"ನೀನೇ ತಪ್ಪು" ಎನ್ನುತ್ತಿದ್ದಳು ಫೋನಿಗೆ. "ಅಮ್ಮಾ, ನೋಡು. ಅರ್ಧ ಅಂದ್ರೆ ತಪ್ಪಂತೆ. ನಾಲ್ಕರಲ್ಲಿ ಎರಡು ಅಂದ್ರೆ ಅರ್ಧ ತಾನೇ?"

ಅಮ್ಮ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ, ಪಕ್ಕದಲ್ಲಿದ್ದ ಒಂದು ಹಾಸಿಗೆ ಬಟ್ಟೆ ಎತ್ತಿಕೊಂಡಳು. ಅಡ್ಡಕ್ಕೆ ಒಂದು ಮಡಿಕೆ, ಮತ್ತೆ ಒಂದು ಮಡಿಕೆ ಹಾಕಿ, ಬಿಚ್ಚಿ ಮಗಳ ಮುಂದೆ ಹಿಡಿದಳು. ಮಡಿಕೆಯ ಗೀಟುಗಳು ಬಟ್ಟೆಯನ್ನು ನಾಲ್ಕು ಭಾಗ ಮಾಡಿದ್ದವು. "ಎರಡು ಭಾಗ ಮುಚ್ಚು. ಎಷ್ಟು ಕಾಣುತ್ತೆ?"

"ಅರ್ಧ."

"ಹಾಗಾದ್ರೆ ನಿಂದೇ ಸರಿ. ಅದಕ್ಕೆ ಬೇಕಾದ ಹಾಗೆ ಬರೆದು ಮುಂದೆ ಹೋಗು. ಅದರ ಜೊತೆ ಏನು ಜಗಳ?"

ಹುಡುಗಿ 'ನಾಲ್ಕನೇ ಎರಡು' ಎಂದು ಒತ್ತಿ ಮುಂದಿನ ಲೆಕ್ಕಕ್ಕೆ ಹೋದಳು. ಪರದೆ ಹಳದಿ ಬಣ್ಣದ್ದು. ಕೊಂಬಕ್ಕ ಅಂಗಿ ಕೇಳುವುದನ್ನೂ ಮರೆತು ನಿಂತಿದ್ದಳು. ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕದಲ್ಲಿ, ಅವಳ ಪಟ್ಟಿಯನ್ನು ನೀಟಾಗಿ ಅಂಟಿಸಿದ್ದರು.

"ಆ ಪಟ್ಟಿಯಲ್ಲಿರೋದು ನೋಡ್ಲಿಲ್ವಾ?" ಎಂದು ಕೇಳಿದಳು.

"ನೀವೇ ಮಾಡಿದ್ದಲ್ವಾ ಅಕ್ಕ ಅದು? ಬೇಜಾರು ಮಾಡ್ಕೋಬೇಡಿ" ಎಂದಳು ಇಸ್ತ್ರಿಯವಳು. "ಮೊದಲನೇದು ನನ್ನ ಫೋನಲ್ಲಿ ತೆರೆಯೋಷ್ಟರಲ್ಲಿ ನಾನು ನಾಲ್ಕು ಅಂಗಿ ಇಸ್ತ್ರಿ ಮಾಡಿ ಮುಗಿಸ್ತೀನಿ."

ಕೊಂಬಕ್ಕ ನಂಬಲಿಲ್ಲ. ಸರಿ, ನೋಡೇಬಿಡೋಣ ಎಂದು ಹುಡುಗಿ ಮೊದಲ ಸೈಟು ಒತ್ತಿದಳು. ಅಂಚು ಬಿರುಕು ಬಿಟ್ಟ ಆ ಪರದೆಯ ಮೇಲೆ ಒಂದು ಸಣ್ಣ ಚಕ್ರ ತಿರುಗತೊಡಗಿತು. ಅಮ್ಮ ಒಂದು ಅಂಗಿ ಮುಗಿಸಿದಳು, ಎರಡು ಮುಗಿಸಿದಳು. ಮೂರನೆಯದರ ಕಾಲರ್ ತಿರುವುವಾಗ ಪುಟ ತೆರೆಯಿತು, ಚಿತ್ರಗಳಿರಬೇಕಾದ ಕಡೆ ಬರೀ ಬಿಳಿ ಚೌಕ. ಎರಡನೇ ಸೈಟು ತೆರೆಯಲೇ ಇಲ್ಲ. ಮೂರನೆಯದು ಬೇಗ ತೆರೆಯಿತು. ಅದು ಕೊಂಬಕ್ಕನಿಗೆ ಎಲ್ಲಕ್ಕಿಂತ ಮೆಚ್ಚುಗೆಯದು, ಹುಡುಕಿದರೂ ಒಂದು ತಪ್ಪಿಲ್ಲ. ಹುಡುಗಿ ಜೋರಾಗಿ ಓದಿದಳು: "ಅಂಶವು ಛೇದಕ್ಕಿಂತ ಕಿರಿದಾಗಿದ್ದಲ್ಲಿ ಅಂತಹ ಭಿನ್ನರಾಶಿಯನ್ನು..." ಅಲ್ಲಿಗೆ ನಿಲ್ಲಿಸಿ ಅಮ್ಮನ ಮುಖ ನೋಡಿದಳು.

"ಹೆಡ್ ಆಫೀಸಿನವರು ಮಾತಾಡಿದ ಹಾಗಿದೆ" ಎಂದಳು ಅಮ್ಮ. ಹುಡುಗಿ ಮತ್ತೆ ಹಳದಿ ಪುಟಕ್ಕೆ ಹೋದಳು.

ಕೊಂಬಕ್ಕ ಅರ್ಧ ಗಂಟೆ ಅಲ್ಲೇ ಕೂತಳು. ಹುಡುಗಿ ಹನ್ನೆರಡು ಲೆಕ್ಕ ಮಾಡಿದಳು, ಮೂರರಲ್ಲಿ ಸಿಕ್ಕಿಕೊಂಡಳು, ಸಿಕ್ಕಿಕೊಂಡಾಗ ಆ ಸೈಟು ಒಂದು ರೊಟ್ಟಿಯ ಚಿತ್ರ ಬರೆದು ತುಂಡು ಮಾಡಿ ತೋರಿಸಿತು, ಮತ್ತೆ ಪ್ರಯತ್ನಿಸಿದಳು. ಇಪ್ಪತ್ತೇಳು ವರ್ಷದಲ್ಲಿ ಸಾವಿರಾರು ಪುಟ ಮಕ್ಕಳಿಗಾಗಿ ತಿದ್ದಿದ್ದಳು. ಪುಟವೊಂದನ್ನು ಒಂದು ಮಗು ಓದುವುದನ್ನು ಪಕ್ಕದಲ್ಲಿ ಕೂತು ನೋಡಿದ್ದು ಅವಳಿಗೆ ಇದೇ ಮೊದಲು. ಮುದ್ರಣಾಲಯದಲ್ಲಿ ಯಾರೂ ಅದನ್ನು ಅವಳಿಂದ ಕೇಳಿರಲಿಲ್ಲ. ಆದರೆ ಈ ಕೆಲಸದಲ್ಲಿ ಅದನ್ನು ಮಾಡದೆ ಬಿಟ್ಟದ್ದು ತನ್ನದೇ ಲೋಪ ಎಂದು ಅವಳಿಗೆ ಅನ್ನಿಸಿತು. ಅಂಗಿ ತೆಗೆದುಕೊಂಡು ಮನೆಗೆ ಬಂದಳು.

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. ಮುಚ್ಚುಮರೆ ಮಾಡಲಿಲ್ಲ, ನಾಲ್ಕು ಅಂಗಿಯ ಮಾತನ್ನೂ ಹೇಳಿದಳು. ಅವನು ನಕ್ಕ, ಅವಳು ನಗದೆ ಇದ್ದುದನ್ನು ನೋಡಿ ನಿಲ್ಲಿಸಿದ.

"ನಾಳೆ ಹೋಗಿ ಆ ಮೇಷ್ಟ್ರಿಗೆ ಹೇಳಿಬಿಡು, ಮುಗೀತು."

"ಏನಂತ?"

"ತಪ್ಪಾಯ್ತು ಅಂತ. ಇಷ್ಟು ವರ್ಷ ಊರೋರ ತಪ್ಪೆಲ್ಲ ಹಿಡಿದೋಳು ನೀನು, ಆ ಪದ ಬರೆಯೋದು ಹೇಗೆ ಅಂತ ನಿನಗೆ ಗೊತ್ತಿರಬೇಕು."

"ಅವರು ಮೂಗು ಕೊಯ್ದ ಮಾತಾಡಿದ್ರು."

"ಆಡ್ಲಿ ಬಿಡು. ಮೂಗು ಇದ್ದಲ್ಲೇ ಇದೆಯಲ್ಲ."

ಮರುದಿನ ಮೊದಲ ಪೀರಿಯಡ್ ಮುಗಿದಾಗ ಅವಳು ಐದನೇ ತರಗತಿಯ ಬಾಗಿಲಲ್ಲಿ ನಿಂತಿದ್ದಳು. ಮೇಷ್ಟ್ರು ಗಡಿಯಾರ ನೋಡಿಕೊಳ್ಳುವ ಮುಂಚೆಯೇ ಮಾತು ಶುರು ಮಾಡಿದಳು. ಇಸ್ತ್ರಿ ಅಂಗಡಿಯಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಿ, "ನೀವು ಹೇಳಿದ್ದು ಸರಿ ಇತ್ತು ಸರ್. ಆ ಸೈಟನ್ನ ತೆಗೀಬಾರದಿತ್ತು" ಎಂದಳು.

ಮೇಷ್ಟ್ರಿಗೆ ಈ ಮಾತಿನ ನಿರೀಕ್ಷೆ ಇರಲಿಲ್ಲ. ಕೈಯಲ್ಲಿದ್ದ ಡಸ್ಟರನ್ನು ಆಚೆ ಈಚೆ ತಿರುಗಿಸಿದರು. "ನಾನೂ ಒಂದು ಹೇಳ್ಬೇಕು" ಎಂದರು. "ನಿಮ್ಮ ಹತ್ತಿರ ಜಗಳ ಆಡಿ ಹೋದೆನಲ್ಲ, ಅದಾದ ಮೇಲೆ ಒಂದು ದಿನ ಬೋರ್ಡ್ ಮೇಲೆ ಪಾಠದ ಹೆಸರು ಬರೆದೆ. ತಿರುಗಿ ನೋಡ್ತೀನಿ, 'ಬಿನ್ನರಾಶಿ' ಅಂತ ಬರೆದಿದೀನಿ. ನಲವತ್ತು ಮಕ್ಕಳೂ ಹಾಗೇ ಬರ್ಕೊಂಡಿದಾರೆ. ಮೊದಲು ನಾನು ಹಾಗೆ ಬರೀತಿರಲಿಲ್ಲ. ನೋಡಿ ನೋಡಿ ನನಗೂ ಅಂಟಿಕೊಂಡಿದೆ."

"ಆಮೇಲೆ?"

"ಆಮೇಲೇನು, ನಲವತ್ತು ನೋಟ್‌ಬುಕ್ಕಲ್ಲಿ ಹೊಟ್ಟೆ ಸೀಳಿಸಿದೆ."

ಇಬ್ಬರೂ ನಕ್ಕರು. ಅಂದು ಊಟದ ಬಿಡುವಿನಲ್ಲಿ ಮೇಷ್ಟ್ರು ಭೂಪಟದ ಕೋಣೆಗೆ ಬಂದರು. ಹಳದಿ ಸೈಟಿನ ಕೊನೆಯಲ್ಲಿ ಒಂದು ಇಮೇಲ್ ವಿಳಾಸ ಇತ್ತು. ಇಬ್ಬರೂ ಕೂತು ಅದಕ್ಕೊಂದು ಪತ್ರ ಬರೆದರು. ಲೆಕ್ಕದ ದೋಷಗಳನ್ನು ಮೇಷ್ಟ್ರು ಹೇಳಿದರು, ಅಕ್ಷರದ ದೋಷಗಳನ್ನು ಕೊಂಬಕ್ಕ ಪುಟ, ಸಾಲು ಸಮೇತ ಪಟ್ಟಿ ಮಾಡಿದಳು. ಮೊದಲ ಸಾಲಿನಲ್ಲಿ ನಿಮ್ಮ ಸೈಟಿನಿಂದ ನಮ್ಮ ಮಕ್ಕಳು ಕಲಿಯುತ್ತಿದ್ದಾರೆ ಎಂದು ಬರೆಯಬೇಕೆಂದು ಹೇಳಿದ್ದು ಅವಳೇ.

ನಾಲ್ಕನೇ ದಿನ ಉತ್ತರ ಬಂತು. ಆ ಸೈಟಿನ ಹಿಂದೆ ಕಂಪನಿಯೂ ಇರಲಿಲ್ಲ, ಇಲಾಖೆಯೂ ಇರಲಿಲ್ಲ. ದೂರದ ಒಂದು ಪಟ್ಟಣದಲ್ಲಿ ಕಾಲು ನೋವಿನಿಂದ ಪಾಠ ಮಾಡುವುದು ಬಿಟ್ಟ ಒಬ್ಬ ಟೀಚರ್ ಒಬ್ಬರೇ ಕೂತು ಮಾಡಿದ್ದು. ಮೂರು ವರ್ಷದಲ್ಲಿ ಚೆನ್ನಾಗಿದೆ ಎಂದು ಬರೆದವರು ಹಲವರು, ತಪ್ಪು ಎಲ್ಲಿದೆ ಎಂದು ಬರೆದವರು ನೀವೇ ಮೊದಲು ಎಂದು ಆಕೆ ಬರೆದಿದ್ದರು. ಹನ್ನೊಂದೂ ಕಡೆ ತಿದ್ದಿದ್ದರು. ಮುಕ್ಕಾಲರಲ್ಲಿ ಕಾಲು ಕಳೆದರೆ ಅರ್ಧ ಎಂದರೂ ಸರಿ, ನಾಲ್ಕನೇ ಎರಡು ಎಂದರೂ ಸರಿ. ದಶಮಾಂಶದ ಹೊಸ ಪಾಠ ಬರೆಯುತ್ತಿದ್ದೇನೆ, ಹಾಕುವ ಮುಂಚೆ ಒಮ್ಮೆ ನೋಡಿಕೊಡುತ್ತೀರಾ ಎಂದೂ ಕೇಳಿದ್ದರು. ಕೊಂಬಕ್ಕ ಆ ಸಾಲನ್ನು ಎರಡು ಸಲ ಓದಿ, ಕಳಿಸಿ ಎಂದು ಉತ್ತರಿಸಿದಳು.

ಪಟ್ಟಿಯನ್ನು ಮೊದಲಿನಿಂದ ಮಾಡಬೇಕೆಂದು ಮುಖ್ಯೋಪಾಧ್ಯಾಯಿನಿಗೆ ತಾನೇ ಹೋಗಿ ಹೇಳಿದಳು. ಗೀಟು ಹೊಡೆದಿದ್ದ ನೂರ ಮೂವತ್ಮೂರನ್ನೂ ಮತ್ತೆ ತೆರೆದಳು. ಈ ಸಲ ಒಬ್ಬಳೇ ಕೂರಲಿಲ್ಲ. ವಾರಕ್ಕೆ ಮೂರು ಮಧ್ಯಾಹ್ನ ಐದಾರು ಮಕ್ಕಳನ್ನು ಕರೆಸಿ, ಒಂದು ಸೈಟು ಕೊಟ್ಟು, ತಾನು ಬಾಯಿ ಮುಚ್ಚಿಕೊಂಡು ನೋಡುತ್ತಿದ್ದಳು. ಬಾಯಿ ಮುಚ್ಚಿಕೊಳ್ಳುವುದೇ ಕಷ್ಟವಾಗುತ್ತಿತ್ತು. ಮಗು ಎಲ್ಲಿ ತಡವರಿಸಿತು, ಎಲ್ಲಿ ಆಕಳಿಸಿತು, ಎಲ್ಲಿ ಬಿಟ್ಟು ಬೇರೆ ಕಡೆ ಹೋಯಿತು, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಳು. ವಾರಕ್ಕೊಮ್ಮೆ ಇಸ್ತ್ರಿ ಅಂಗಡಿಗೆ ಹೋಗಿ ಆ ಹಳೇ ಫೋನಿನಲ್ಲಿ ಎಲ್ಲವನ್ನೂ ತೆರೆದು ನೋಡುವಳು. ಒಂದು ಅಂಗಿ ಮುಗಿಯುವುದರೊಳಗೆ ತೆರೆಯದ ಸೈಟು ಪಟ್ಟಿಗಿಲ್ಲ. ಟೀಚರ್‌ಗಳು ಇದಕ್ಕೆ ಇಸ್ತ್ರಿ ಪರೀಕ್ಷೆ ಎಂದು ಹೆಸರಿಟ್ಟರು. ಇಸ್ತ್ರಿಯವಳು ಅದನ್ನು ಬಹಳ ಗಂಭೀರವಾಗಿ ತೆಗೆದುಕೊಂಡು, ಪರೀಕ್ಷೆಗೆ ಯಾವಾಗಲೂ ಉದ್ದ ತೋಳಿನ ಅಂಗಿಯನ್ನೇ ಆರಿಸಿಕೊಳ್ಳುತ್ತಿದ್ದಳು, ಪಾಪ ಸೈಟಿಗೂ ಸ್ವಲ್ಪ ಸಮಯ ಸಿಗಲಿ ಎಂದು.

ಹೊಸ ಪಟ್ಟಿಯಲ್ಲಿ ಹಳದಿಯದೂ ಸೇರಿ ಇಪ್ಪತ್ಮೂರು ಸೈಟು. ಪ್ರತಿಯೊಂದರ ಕೆಳಗೂ ಮಕ್ಕಳಿಗೆ ಎರಡು ಸಾಲು, ಮನೆಯವರಿಗೆ ಎರಡು ಸಾಲು, ಟೀಚರ್‌ಗಳಿಗೆ ಯಾವ ಪಾಠಕ್ಕೆ ಆಗುತ್ತದೆ ಎಂಬ ಗುರುತು. ದೋಷ ಇದ್ದರೆ ಅದನ್ನೂ ಮುಚ್ಚಿಡದೆ ಬರೆದಿದ್ದಳು: 'ಗ್ರಹಗಳ ಪುಟ ಚೆನ್ನಾಗಿದೆ. ಕೊನೆಯ ಚಿತ್ರದಲ್ಲಿ ಎರಡು ಹೆಸರು ಅದಲುಬದಲಾಗಿವೆ, ಮಕ್ಕಳೇ ಕಂಡುಹಿಡಿಯಲಿ.' ಮೊದಲ ಪಟ್ಟಿಯ ಒಂಬತ್ತರಲ್ಲಿ ಉಳಿದದ್ದು ನಾಲ್ಕು. ಹೆಡ್ ಆಫೀಸಿನ ಭಾಷೆಯದು ಟೀಚರ್‌ಗಳ ಭಾಗಕ್ಕೆ ಹೋಯಿತು.

ಪೋಷಕರ ಸಭೆಯಲ್ಲಿ ಪಟ್ಟಿ ಹಂಚಿದಾಗ ಹಿಂದಿನ ಸಾಲಿನಿಂದ ಒಬ್ಬ ತಂದೆ ಕೈ ಎತ್ತಿದ. "ಇಷ್ಟೆಲ್ಲ ಯಾರು ನೋಡ್ತಾರೆ? ಎಲ್ಲಕ್ಕಿಂತ ಒಳ್ಳೇದು ಯಾವುದು ಅಂತ ಒಂದು ಹೇಳಿಬಿಡಿ."

"ನಿಮ್ಮ ಮಗಳಿಗೆ ಏನು ಕಷ್ಟ ಆಗ್ತಿದೆ ಹೇಳಿ, ಆಮೇಲೆ ಹೇಳ್ತೀನಿ" ಎಂದಳು ಕೊಂಬಕ್ಕ.

ಅವನು ಫೋನು ತೆಗೆದುಕೊಂಡು ಹೊರಗೆ ಹೋದ. ಮನೆಗೆ ಫೋನು ಮಾಡಿ ಮಗಳನ್ನೇ ಕೇಳುತ್ತಿದ್ದುದು ಕಿಟಕಿಯಿಂದ ಒಳಗಿದ್ದವರಿಗೆಲ್ಲ ಕೇಳಿಸಿತು. ಬಹಳ ಹೊತ್ತು ಮಾತಾಡಿದ. ತಿರುಗಿ ಬಂದವನು, "ಭಾಗಾಕಾರ. ಎರಡಂಕಿಯದು" ಎಂದ. ಕೊಂಬಕ್ಕ ಏಳನೇ ಸೈಟಿಗೆ ಗುರುತು ಹಾಕಿಕೊಟ್ಟಳು. ಅವನ ಹಿಂದೆ ಇನ್ನೂ ಹನ್ನೊಂದು ಜನ ಸಾಲು ನಿಂತರು.

ಎರಡು ತಿಂಗಳ ಕೆಲಸ ಒಂದು ವರ್ಷಕ್ಕೆ ವಿಸ್ತರಿಸಿತು. ಪಕ್ಕದ ಶಾಲೆಯವರು ಪಟ್ಟಿಯ ಪ್ರತಿ ಕೇಳಿಕೊಂಡು ಬಂದಾಗ ಕೊಟ್ಟಳು, ಆದರೆ ನಿಮ್ಮ ಮಕ್ಕಳ ಮನೆಯಲ್ಲಿರುವ ಫೋನಿನಲ್ಲಿ ಮೊದಲು ನೋಡಿ ಎಂದು ಹೇಳಿಯೇ ಕೊಟ್ಟಳು. ಸೈಟುಗಳು ಇದ್ದ ಹಾಗೇ ಇರುವುದಿಲ್ಲ ಎಂಬುದೂ ಅಷ್ಟರಲ್ಲಿ ಗೊತ್ತಾಗಿತ್ತು. ಒಂದು ಮುಚ್ಚಿಹೋಯಿತು, ಒಂದರಲ್ಲಿ ಜಾಹೀರಾತು ತುಂಬಿಕೊಂಡಿತು. ಹಾಗಾಗಿ ತಿಂಗಳ ಮೊದಲ ಸೋಮವಾರ ಎಲ್ಲವನ್ನೂ ಮತ್ತೆ ನೋಡಿ, ಪಟ್ಟಿಯ ಮೇಲೆ ತಾರೀಕು ಹಾಕಿ ಹೊಸದಾಗಿ ಅಂಟಿಸುತ್ತಾಳೆ.

ಈಚೆಗೆ ಒಂದನೇ ತರಗತಿಯ ಟೀಚರ್ ಬಂದು, ಇನ್ನೂ ಓದಲು ಬಾರದ ಮಕ್ಕಳಿಗೆ ಏನಾದರೂ ಇದ್ದರೆ ಹುಡುಕಿಕೊಡಿ ಎಂದು ಕೇಳಿದರು. ಓದುವುದಕ್ಕೆ ಏನೂ ಇಲ್ಲದ ಸೈಟನ್ನು ಹೇಗೆ ನೋಡುವುದೆಂದು ಕೊಂಬಕ್ಕನಿಗೆ ತಿಳಿಯಲಿಲ್ಲ. ನೋಟ್‌ಬುಕ್ ಹಿಡಿದು ಆ ತರಗತಿಗೇ ಹೋದಳು. ಅಲ್ಲಿನ ಪುಟ್ಟ ಕುರ್ಚಿಗಳಲ್ಲಿ ಅವಳು ಹಿಡಿಸಲಿಲ್ಲ. ನೆಲದ ಮೇಲೆ ಕೂತು, ಫೋನಿನ ದನಿ ಜಾಸ್ತಿ ಮಾಡಿ, ಸುತ್ತ ಮುತ್ತಿಕೊಂಡ ಆರು ಮಕ್ಕಳ ನಡುವೆ ಇಟ್ಟಳು.